ಬೀದಿಗೆಲ್ಲ ಒಂದೇ ಜೊತೆ ಕೈಗವಸು

ವಕ್ಕಲೇರಿ ಹೋಬಳಿಯಿಂದ, ೧೯೭೮ರ ಚಳಿಗಾಲ

ಮಾನ್ಯ ರಬ್ಬರು ಕೈಗವಸು ಜೋಡಿಯವರೇ,

ಎಡಗೈಯವರಿಗೂ ಬಲಗೈಯವರಿಗೂ ಸಮನಾಗಿ ನಮಸ್ಕಾರಗಳು. ತಮ್ಮಿಬ್ಬರಲ್ಲಿ ಯಾರು ಹಿರಿಯರೆಂದು ತಿಳಿಯದ್ದರಿಂದ, ಮುಂದೆ ಬರೆಯುವುದೆಲ್ಲ ಇಬ್ಬರಿಗೂ ಸೇರಿದ್ದೆಂದು ಭಾವಿಸಬೇಕಾಗಿ ವಿನಂತಿ.

ಫ್ಲೂ ಜ್ವರ ನಮ್ಮೂರಿಗೆ ಕಾಲಿಟ್ಟ ವಾರದಲ್ಲೇ ತಾವು ಆರೋಗ್ಯದ ಸಾಹೇಬರ ಕೈಯೇರಿ ದಯಮಾಡಿಸಿದಿರಿ. ಮೊದಲ ಮನೆಯ ಅಶ್ವತ್ಥಪ್ಪನವರ ಹಣೆ ಮುಟ್ಟಿ, ಅವರ ಮನೆಯಾಕೆಯ ಬಾಯಿ ತೆರೆಸಿ, ನಡುನಡುವೆ ಸಾಹೇಬರ ಸೋರುವ ಮೂಗನ್ನೂ ಒರೆಸಿ, ನಮ್ಮ ಮನೆಯವರೆಗೂ ಎಲ್ಲರನ್ನೂ ಅದೇ ಬೆರಳುಗಳಿಂದ ಮುಟ್ಟಿದ ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಹೊಗಳಿದರೂ ಸಾಲದು. ಸಾಹೇಬರ ಬೆರಳುಗಳಿಗೆ ಈವರೆಗೂ ನೆಗಡಿಯಾಗಿಲ್ಲವೆಂದು ಕೇಳಿ ಸಂತೋಷವಾಯಿತು.

ಒಮ್ಮೆ ತೊಟ್ಟು ಬಿಸಾಡತಕ್ಕದ್ದೆಂದು ಹೇಳಿಯೇ ಸಾಹೇಬರು ತಮ್ಮನ್ನು ನಮ್ಮ ತಿಪ್ಪೆಗೆ ಎಸೆದರು. ಆದರೆ ನಮ್ಮ ಕಡೆ ಒಡೆದ ಕೊಡಕ್ಕೂ ಕೆಲಸ ಹುಡುಕುತ್ತೇವೆ. "ಇಷ್ಟು ಚೆನ್ನಾಗಿರೋದನ್ನ ಯಾರಾದ್ರೂ ಬಿಸಾಕ್ತಾರಾ?" ಎಂದು ನನ್ನ ಹೆಂಡತಿ ಆದಿಲಕ್ಷ್ಮಮ್ಮ ತಮ್ಮನ್ನು ಎತ್ತಿ ತಂದು, ನೀರಿನಲ್ಲಿ ಜಾಲಿಸಿ, ಹಗ್ಗದ ಮೇಲೆ ಒಣಹಾಕಿದಳು. ಅಲ್ಲಿಂದ ತಾವು ಬೀದಿಗೊಂದೇ ಇರುವ ಶಾವಿಗೆ ಒರಳಿನ ಹಾಗೆ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗತೊಡಗಿದಿರಿ.

ರೇಷ್ಮೆ ಹುಳು ಸಾಕುವ ನಾವು ಹುಳುಮನೆಗೆ ಹೊರಗಿನವರನ್ನು ಬಿಡುವವರಲ್ಲ. ಕೈ ತೊಳೆಯದೆ ಸೊಪ್ಪು ಮುಟ್ಟುವವರಲ್ಲ. ಬೀಡಿ ಸೇದಿ ಬಂದ ಗಂಡನನ್ನೂ ಹೊಸಿಲಿನಾಚೆ ನಿಲ್ಲಿಸುವ ಹೆಂಗಸರು ನಮ್ಮವರು. ಅಂಥವರು ತಮ್ಮನ್ನು ತೊಟ್ಟ ಮೇಲೆ ಕೈ ತೊಳೆಯುವುದನ್ನೇ ಬಿಟ್ಟರು. ಗವಸಿನ ಕೈ ಮಡಿಯ ಕೈ, ಅದಕ್ಕೇಕೆ ನೀರು ಎಂದು ಎಲ್ಲರಿಗೂ ಅನ್ನಿಸಿತು, ನನಗೂ ಅನ್ನಿಸಿತು. ಗವಸಿನಲ್ಲೇ ಮೂಗು ಒರೆಸಿಕೊಂಡು, ಅದನ್ನೇ ಪಕ್ಕದ ಮನೆಗೆ ದಾಟಿಸಿ, ವಾರ ತಿರುಗುವುದರೊಳಗೆ ಬೀದಿಗೆ ಬೀದಿಯೇ ಮಲಗಿತು.

ನಮ್ಮ ಹುಳುಗಳು ಆಗಷ್ಟೇ ಕೊನೆಯ ಪೊರೆ ಕಳಚಿ ಎದ್ದಿದ್ದವು. ಆ ಹೊತ್ತಿನಲ್ಲಿ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ. ಮೈ ಸುಡುತ್ತಿದ್ದರೂ ಆದಿಲಕ್ಷ್ಮಮ್ಮ "ಹುಳಕ್ಕೆ ಸೊಪ್ಪು ಹಾಕಿದ್ರಾ?" ಎಂದು ಕೇಳುತ್ತಲೇ ಇದ್ದಳು, ಆಮೇಲೆ ಅದನ್ನೂ ಕೇಳದೆ ಸುಮ್ಮನಾದಳು. ಜ್ವರದಲ್ಲಿ ಏಳಲಾರದೆ ಬಿದ್ದಿದ್ದ ನಾನು, ಹುಳು ಹೋದರೆ ಹೋಗಲಿ, ಇವಳೊಬ್ಬಳು ಉಳಿದರೆ ಸಾಕು ಎಂದು ಅತ್ತೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಗ ಬಂದಾಕೆ ಬೀದಿಯ ಕೊನೆಯ ಮನೆಯ ಮುನಿಯಲ್ಲಮ್ಮ. ತಮ್ಮ ಸರದಿ ಆಕೆಯ ಮನೆಗೆ ಮುಟ್ಟಿರಲಿಲ್ಲ. ಪ್ರತಿ ಸಲವೂ ಅದಕ್ಕೆ ಮೊದಲಿನ ಮನೆಯಿಂದಲೇ ತಮ್ಮನ್ನು ವಾಪಸು ಕರೆಸಿಕೊಳ್ಳುತ್ತಿದ್ದೆವು. ಪಾಪ, ಬೇರೆ ಗತಿಯಿಲ್ಲದೆ ಆಕೆ ಮೊದಲಿನಂತೆ ಕೈ ತೊಳೆದುಕೊಂಡೇ ಇದ್ದಳು. ಬೀದಿಯಲ್ಲಿ ಜ್ವರ ಬಾರದೆ ಉಳಿದವಳೂ ಆಕೆಯೊಬ್ಬಳೇ. "ನಮ್ಮನೇಗೆ ಆ ಗೌಸು ಬರ್ಲೇ ಇಲ್ಲ, ಬರೀ ಕೈಲೇ ಮುಟ್ತೀನಿ, ಪರ್ವಾಗಿಲ್ವಾ ಅಣ್ಣಾ?" ಎಂದು ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿದಳು. ಹುಳುವಿಗೆ ಸೊಪ್ಪು ಹಾಕಿ, ಮತ್ತೆ ಕೈ ತೊಳೆದು, ಆದಿಲಕ್ಷ್ಮಮ್ಮನ ತಲೆ ಎತ್ತಿ ಹಿಡಿದು ಗಂಜಿ ಕುಡಿಸಿದಳು. ಹುಳು ಗೂಡು ಕಟ್ಟುವವರೆಗೂ ದಿನವೂ ಬಂದಳು.

ಆದ್ದರಿಂದ ತಮ್ಮಲ್ಲಿ ಒಂದೆರಡು ಕೋರಿಕೆ. ಮುಂದಿನ ಸಲ ದಯಮಾಡಿಸುವಾಗ ಸಾಹೇಬರ ಮೂಗಿಗೂ ಸಾಲುವಷ್ಟು ಅಗಲವಾಗಿ ಬನ್ನಿ. ಒಂದು ಮನೆಯ ಕೆಲಸ ಮುಗಿದ ಕೂಡಲೇ ತಮ್ಮಷ್ಟಕ್ಕೆ ತಾವೇ ಹರಿದುಹೋಗಿ, ಏಕೆಂದರೆ ಬಿಸಾಡುವ ವಿದ್ಯೆ ನಮಗೆ ಬರುವುದಿಲ್ಲ. ಮುನಿಯಲ್ಲಮ್ಮನ ಮನೆಗೆ ಮಾತ್ರ, ಎಷ್ಟೇ ಕರೆದರೂ, ದಯವಿಟ್ಟು ಹೋಗಬೇಡಿ.

ಇತಿ, ಈಗ ದಿನವೂ ಕೈ ತೊಳೆಯುತ್ತಿರುವ
ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ತಾ.ಕ.: ತಾವೀಗ ನಮ್ಮ ಟೊಮೇಟೊ ತೋಟದ ಬೆದರುಬೊಂಬೆಯ ಕೈಗಳಲ್ಲಿದ್ದೀರಿ. ಕಾಗೆಗಳು ಹೆದರಿಲ್ಲ. ಆದರೆ ಮೊನ್ನೆ ಆ ದಾರಿಯಲ್ಲಿ ಬಂದ ಸಾಹೇಬರು ಗವಸು ಕಂಡು, ಯಾರೋ ಮೇಲಧಿಕಾರಿಗಳೆಂದು ಸೈಕಲ್ ಇಳಿದು ನಮಸ್ಕರಿಸಿದರಂತೆ. ಅದನ್ನು ಕೇಳಿ ಆದಿಲಕ್ಷ್ಮಮ್ಮ ಹಾಸಿಗೆಯಲ್ಲಿ ಎದ್ದು ಕೂತು ನಕ್ಕಳು. ತಮ್ಮಿಂದ ಈ ಬೀದಿಗಾದ ಉಪಕಾರ ಅದೊಂದೇ.