ಗೂಬೆಗೂ ಒಂದು ಎಲೆ

ಹುಲಿ ಬಂತು ಎಂದರೆ ಲೋಕವೆಲ್ಲ "ಅಯ್ಯೋ, ಎಲ್ಲಿ?" ಎಂದು ಕೇಳುತ್ತದೆ. ನಮ್ಮ ಅತ್ತೆ ಮಾತ್ರ "ಅದು ಎಷ್ಟನೇ ಪಂಕ್ತಿ?" ಎಂದು ಕೇಳುತ್ತಿದ್ದಳು! ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ಕಿವಿ ನಿಮಿರಿಸಬೇಡಿ. ಆ ಮಹಾತಾಯಿಯ ಬಗ್ಗೆ ಬರೆಯುವ ಧೈರ್ಯ ಈ ವಯಸ್ಸಿನಲ್ಲೂ ನನಗಿಲ್ಲ. ಇವಳು ಅಪ್ಪನ ಅಕ್ಕ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಹುಟ್ಟುವ ಹೊತ್ತಿಗಾಗಲೇ ನಮ್ಮ ಅಡುಗೆಮನೆ, ಕೊಟ್ಟಿಗೆ, ಹಿತ್ತಿಲು ಮೂರಕ್ಕೂ ವೈಸ್‌ರಾಯ್ ಆಗಿದ್ದಳು.

ಮಸಿನಗುಡಿಯಲ್ಲಿ ನಮ್ಮದು ನಾಡಹೆಂಚಿನ ಮನೆ. ಅಪ್ಪ ಬೊಕ್ಕಾಪುರಂ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ನನ್ನನ್ನು ಹೆತ್ತ ವಾರದಲ್ಲೇ ಅವ್ವ ತೀರಿಕೊಂಡದ್ದರಿಂದ ಅಕ್ಕನನ್ನೂ ನನ್ನನ್ನೂ ಸಾಕಿದ್ದು ಅತ್ತೆಯೇ. ಎಸ್ಟೇಟಿನ ದೊರೆಸಾನಿಯ ಶಿಫಾರಸಿನಿಂದ ನಾನು ಊಟಿಯ ಕಾನ್ವೆಂಟ್ ಸೇರಿದ್ದೆ. ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ರಜೆಗೆಂದು ಎತ್ತಿನ ಗಾಡಿಯಲ್ಲಿ ಸೀಗೂರು ಘಾಟ್ ಇಳಿದು ಬಂದರೆ, ಮನೆಯಲ್ಲಿ ಎರಡು ಸುದ್ದಿ ಕಾದಿದ್ದವು. ಒಂದು, ಅಕ್ಕನನ್ನು ನೋಡಲು ಗುಂಡ್ಲುಪೇಟೆ ಕಡೆಯಿಂದ ಗಂಡಿನವರು ಬರುತ್ತಾರೆ. ಎರಡು, ಅಟ್ಟದ ಮೇಲೆ ಗೂಬೆ ಮರಿ ಮಾಡಿದೆ!

ಈ ಎರಡು ಸುದ್ದಿ ಒಂದೇ ಸೂರಿನಡಿ ಇರುವುದುಂಟೇ? ಗೂಬೆ ಹೊಕ್ಕ ಮನೆಯಿಂದ ಯಾರಾದರೂ ಹೆಣ್ಣು ತರುತ್ತಾರೆಯೇ?

"ಅವರು ಬರೋದ್ರೊಳಗೆ ಅದು ಹೋಗ್ಬೇಕು," ಎಂದಳು ಅಜ್ಜಿ, ಅಂದರೆ ಅತ್ತೆಯ ಹೆತ್ತ ತಾಯಿ.

"ಹೋಗ್ಲಿ ಬುಡು. ಅದರ ಜೊತೇಲಿ ನಾನೂ ಹೋಯ್ತಿನಿ," ಎಂದಳು ಅತ್ತೆ.

ಈ ಜಗಳಕ್ಕೆ ಬೀಜ ಬಿತ್ತಿದವಳು ನಾನು. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುತ್ತೇನೆ. ಹಿಂದಿನ ರಜೆಯಲ್ಲಿ, ಬಲು ಸ್ಟೈಲಾಗಿ, ನಮ್ಮ ಸಿಸ್ಟರ್ ನೇಚರ್ ಸ್ಟಡಿಯಲ್ಲಿ ಹೇಳಿದ್ದನ್ನು ಅತ್ತೆಗೆ ಒಪ್ಪಿಸಿದ್ದೆ: ಹಸಿರೆಲೆ ಬಿಸಿಲನ್ನು ಹಿಡಿದು ತನ್ನ ಊಟವನ್ನು ತಾನೇ ತಯಾರಿಸಿಕೊಳ್ಳುತ್ತದೆ. ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಒಲೆ ಇಲ್ದೆ?"

"ಒಲೆ ಇಲ್ಲದೆ ಅತ್ತೆ."

"ಸೌದೆ ಇಲ್ದೆ? ಹೊಗೆ ಇಲ್ದೆ?" ಹೊಗೆಯಿಂದ ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು ಹಿತ್ತಿಲ ನುಗ್ಗೆಮರವನ್ನೇ ನೋಡಿದಳು. "ಹಂಗಾದ್ರೆ ಕೂಸೆ, ಈ ಲೋಕದಲ್ಲಿ ಅಡುಗೆ ಮಾಡೋದು ಎಲೆ ಒಂದೇ. ಮಿಕ್ಕೋರೆಲ್ಲ ಉಣ್ಣಾಕೆ ಬಂದೋರು!"

ಅಷ್ಟೇ. ಅವತ್ತಿನಿಂದ ಇಡೀ ಕಾಡು ಅವಳಿಗೆ ಒಂದು ಮದುವೆ ಮನೆಯಾಯಿತು. ಎಲೆಯ ಅಡುಗೆಯನ್ನು ನೇರವಾಗಿ ಉಣ್ಣುವ ಜಿಂಕೆ, ದನ, ಮಿಡತೆ, ಇಲಿ ಮೊದಲನೇ ಪಂಕ್ತಿ. ಉಂಡವರನ್ನೇ ಉಣ್ಣುವ ಹುಲಿ, ಕೆನ್ನಾಯಿ, ಹಾವು ಎರಡನೇ ಪಂಕ್ತಿ. "ಮತ್ತೆ ನಾವು?" ಎಂದು ಅಪ್ಪ ಕೇಳಿದ. "ನಾವು ಕರೆಯದಿದ್ರೂ ಬಂದು ಎಲ್ಲಾ ಪಂಕ್ತೀಲೂ ಕೂರೋ ನಾಚಿಕೆಗೆಟ್ಟ ನೆಂಟರು!" ಎಂದು ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ನಾನು ಇದನ್ನೆಲ್ಲ ಚಿತ್ರ ಬರೆದೆ. ಎಲ್ಲಕ್ಕಿಂತ ಮೇಲೆ, ಹುಲಿಯ ತಲೆಯ ಮೇಲೆ, ಟೋಪಿ ಹಾಕಿದ ಒಬ್ಬ ಮನುಷ್ಯ.

"ಇದು ಯಾರು?"

"ಮ್ಯಾನ್, ಅತ್ತೆ."

"ನಿಮ್ಮಪ್ಪನ ದೊರೆ ಥರ ಅವ್ನೆ. ಅವನ ಟೋಪಿ ಮೇಲೊಂದು ಸೊಳ್ಳೆ ಬರಿ."

"ಸೊಳ್ಳೆಯಾ?"

"ಹೋದ ತಿಂಗಳೆಲ್ಲ ದೊರೆ ಚಳಿಜ್ವರದಲ್ಲಿ ಮೂರು ಕಂಬಳಿ ಹೊದ್ದು ನಡುಗ್ತಿದ್ದ. ಯಾರು ಯಾರನ್ನ ಉಂಡದ್ದು? ಬರಿ ಬರಿ!"

ಬರೆದೆ. ಬಾಳೆಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಹುಲಿ, ದೊರೆಯ ಟೋಪಿಯ ಮೇಲೆ ಕಿರೀಟದಂತೆ ಸೊಳ್ಳೆ ಇದ್ದ ಆ ಚಿತ್ರವನ್ನು ಕಾನ್ವೆಂಟಿನಲ್ಲಿ ತೋರಿಸಿದ್ದಕ್ಕೆ ಅರ್ಧ ಗಂಟೆ ಕಾರಿಡಾರಿನಲ್ಲಿ ನಿಂತೆ. ಒಳಗಿನಿಂದ ಸಿಸ್ಟರ್ ನಗುತ್ತಿದ್ದದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು!

ಕೊನೇ ಪಂಕ್ತಿ ಸಿಕ್ಕಿದ್ದು ಅದೇ ರಜೆಯ ಕೊನೆಗೆ. ನಮಗೆ ಜೇನು ತಂದುಕೊಡುತ್ತಿದ್ದ ಕುರುಂಬರ ಮುದುಕನೊಬ್ಬ ಒಂದು ಬೆಳಿಗ್ಗೆ ಹೆಗಲ ಮೇಲೆ ಜಿಂಕೆಯ ತೊಡೆ ಹೊತ್ತು ನಮ್ಮ ಬೇಲಿಯ ಪಕ್ಕ ಹೋಗುತ್ತಿದ್ದ. ಹಳ್ಳದ ದಡದಲ್ಲಿ ಕೆನ್ನಾಯಿಗಳು ಕೆಡವಿದ ಬೇಟೆಯಿಂದ ಅವನು ತೆಗೆದುಕೊಂಡ ಪಾಲು ಅದು.

"ಒಂದೇ ತೊಡೆಯಾ? ಮಿಕ್ಕದ್ದು ಯಾಕೆ ಬುಟ್ಟೆ?" ಎಂದು ಅತ್ತೆ ಕೇಳಿದಳು.

"ಎಲ್ಲಾ ತಂದುಬುಟ್ರೆ, ನಾಳೆ ಅವು ನನಗ್ಯಾಕೆ ಬೇಟೆ ಆಡ್ತವೆ ಅವ್ವಾ?"

ಅತ್ತೆ ಈ ಮಾತನ್ನು ವೇದವಾಕ್ಯದಂತೆ ಸ್ವೀಕರಿಸಿ, ಮೂರು ದಿನ ಕೊಡೆ ಹಿಡಿದು ಹಳ್ಳದ ಬಂಡೆಯ ಮೇಲೆ ಹೋಗಿ ಕೂತಳು. "ಸತ್ತ ಜಿಂಕೆ ಮನೆಗೆ ಸಾಂತ್ವನ ಹೇಳಾಕೆ ಹೋಗವ್ಳೆ," ಎಂದು ಅಜ್ಜಿ ಬೀದಿಯವರಿಗೆಲ್ಲ ಹೇಳಿದಳು. ಮೂರನೇ ದಿನ ಅತ್ತೆ ಬಂದದ್ದು ಓಡೋಡಿ.

"ಕೂಸೆ, ರಣಹದ್ದು ಬಂದೊ, ಕಾಗೆ ಬಂದೊ, ಆಮೇಲೆ ನೊಣ, ಹುಳ, ಇರುವೆ. ಈಗ ಹೋಗಿ ನೋಡು, ಎಲೆ ಎತ್ತಿ ಸಾರಿಸಿದಂಗೆ ಅದ! ಅವೇ ಕೊನೇ ಪಂಕ್ತಿ. ಅವು ಮಣ್ಣಿಗೆ ಬುಟ್ಟದ್ದು ತಿರುಗಾ ಹುಲ್ಲಿಗೇ ಹೋಯ್ತದ. ಅಡುಗೆಯೋರಿಗೂ ಸಾಮಾನು ಬೇಡ್ವಾ?" ಉಸಿರು ತೆಗೆದುಕೊಂಡು ಸೇರಿಸಿದಳು: "ಕೊನೇ ಪಂಕ್ತಿಯೋರನ್ನ ಯಾರೂ ಕರೆಯಲ್ಲ. ಅವರು ಬರ್ದಿದ್ರೆ ಮಾತ್ರ ಕಾಡೆಲ್ಲ ನಾರ್ತದ."

ಮನೆಯ ಊಟದಲ್ಲಿ ಎಲ್ಲರೂ ಎದ್ದ ಮೇಲೆ, ಒಲೆಯ ಪಕ್ಕ, ತಪ್ಪಲೆಯ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುತ್ತಿದ್ದವಳು ಯಾರು ಎಂದು ಆಗ ನನಗೆ ಹೊಳೆಯಲೇ ಇಲ್ಲ. ಫ್ರೆಂಚ್ ಹಾಡು ಕಲಿತಿದ್ದೆ ನೋಡಿ, ತಲೆಯಲ್ಲಿ ಜಾಗವೆಲ್ಲಿತ್ತು?

ಈಗ ಗೂಬೆಗೆ ಬರೋಣ. ಅಪ್ಪ ಬಿದಿರು ಗಳ ಹಿಡಿದು ಏಣಿ ಹತ್ತಲು ಬಂದರೆ ಏಣಿಯ ಮೊದಲ ಮೆಟ್ಟಿಲಲ್ಲೇ ಅತ್ತೆ ಕೂತಿದ್ದಳು, ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ.

"ಅಕ್ಕಾ, ಏಳು."

"ಮೇಲೆ ಏನದ?"

"ರಾಗಿ ಮೂಟೆ."

"ಅದರ ಮುಂದೆ ಕೂತಿರೋರು ಯಾರು?"

ಅಪ್ಪ ಬೇಸರದಿಂದ "ಇಲಿ" ಎಂದ.

"ಮೊದಲನೇ ಪಂಕ್ತಿ! ಎರಡನೇ ಪಂಕ್ತಿಯೋರನ್ನ ಓಡಿಸಿಬುಟ್ರೆ ಮೊದಲನೇ ಪಂಕ್ತಿ ಊಟ ಮುಗಿಸಿ ಏಳೋದು ಯಾವಾಗ? ಮೂಟೆ ಖಾಲಿಯಾದ ಮೇಲೆ!" ಎಂದು ಡಬ್ಬಿಯ ಮುಚ್ಚಳ ತೆಗೆದಳು. ಗೂಬೆ ಉಂಡು, ಅರಗದ್ದನ್ನು ಬಾಯಿಂದ ಉಗುಳಿದ ಕಪ್ಪು ಉಂಡೆಗಳು! ದಿನವೂ ಅಟ್ಟದಿಂದ ಆರಿಸಿ ತಂದಿದ್ದಳು. ಒಂದನ್ನು ಸೂಜಿಯಿಂದ ಬಿಡಿಸಿದಳು. ಕೂದಲ ನಡುವೆ ಅಕ್ಕಿಯಂತೆ ಬೆಳ್ಳಗೆ ಸಣ್ಣ ಎಲುಬುಗಳು, ಮೂರು ಪುಟ್ಟ ತಲೆಬುರುಡೆಗಳು. "ಹಾರಿಬಲ್!" ಎಂದು ನಾನು ಕಿರುಚಿದೆ. "ಒಂದು ಉಂಡೇಲಿ ಮೂರು ಇಲಿ. ನಿಮ್ಮಪ್ಪ ಹುಟ್ಟಿದಾಗಿಂದ ಎಷ್ಟು ಹಿಡಿದವ್ನೆ, ಕೇಳು!" ಎಂದಳು.

ಅಪ್ಪ ಗಳವನ್ನು ಕೆಳಗಿಟ್ಟ. ಸೋತ ಗಂಡಸರು ಮಾಡುವ ಹಾಗೆ ಎಸ್ಟೇಟಿಗೆ ಹೊರಟುಹೋದ.

ಕೊನೆಗೆ ಅಜ್ಜಿಯೇ ರಾಜಿ ಮಾಡಿದಳು. ಮರಿಗಳಿಗೆ ರೆಕ್ಕೆ ಬಲಿಯುವ ತನಕ ಗೂಬೆ ಇರಲಿ, ಆದರೆ ಗಂಡಿನವರೆದುರು ಯಾರೂ ಅದರ ಹೆಸರೆತ್ತಕೂಡದು. "ಮತ್ತೆ ನೀನು…" ಎಂದು ಅತ್ತೆಯ ಕಡೆ ನೋಡದೆ ಸೆರಗಿನ ಅಂಚು ಮಡಿಚಿದಳು. "ನೀನೂ ಅವತ್ತು ಕೊಟ್ಟಿಗೆ ಕಡೆ ಇದ್ದುಬುಡು. ಶುಭದ ದಿನ."

"ಆಯ್ತು ಬುಡವ್ವ. ಬಚ್ಚಿಡೋ ಪಕ್ಷಿ ಎರಡಾಯ್ತು," ಎಂದು ಅತ್ತೆ ನಕ್ಕಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಆ ದಿನ ಬಂತು. ಬೆಳಗಿನಿಂದ ಅಡುಗೆಯೆಲ್ಲ ಮಾಡಿ ಮುಗಿಸಿ ಅತ್ತೆ ಕೊಟ್ಟಿಗೆ ಸೇರಿದಳು. ತೆಪ್ಪಕಾಡಿನ ಹತ್ತಿರ ದಾರಿಗೆ ಅಡ್ಡ ನಿಂತ ಆನೆಯೊಂದು ಬಿದಿರು ತಿಂದು ಮುಗಿಸುವ ತನಕ ಗಂಡಿನವರು ಗಾಡಿಯಲ್ಲೇ ಕಾದು, ಮಧ್ಯಾಹ್ನ ಬರಬೇಕಾದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಅದೇ ಹೊತ್ತಲ್ಲವೇ ಗೂಬೆ ಮರಿಗಳಿಗೆ ಹಸಿವಾಗುವುದು? ಎಲೆ ಹಾಕಿ ನೀರು ಚಿಮುಕಿಸಿದ್ದೇ ತಡ, ಅಟ್ಟದಿಂದ ಶುರುವಾಯಿತು: ಸ್‌ಸ್‌ಸ್… ಖ್‌ರ್‌ರ್… ಸ್‌ಸ್‌ಸ್!

ಗಂಡಿನ ಅಪ್ಪ, ಬಿಳಿ ಮೀಸೆಯ ಭಾರೀ ರೈತ, ತಲೆಯೆತ್ತಿದರು. "ಮ್ಯಾಲೆ ಯಾರು?"

ಅಜ್ಜಿ ಕಣ್ಣು ಮಿಟುಕಿಸದೆ ಹೇಳಿದಳು: "ನಮ್ಮನೆ ಹಿರೀಕರು. ಮಲಗವ್ರೆ. ದಮ್ಮು."

"ದಮ್ಮು ನಾಲ್ಕು ಜನಕ್ಕಾಗೋಷ್ಟು ಅದೆಯಲ್ಲ ತಾಯಿ!"

ಮರಿಗಳೂ ನಾಲ್ಕೇ! ನಾನು ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಅಷ್ಟಕ್ಕೇ ಮುಗಿಯಿತೇ? ಅವರು ಪಂಚೆ ಸರಿಮಾಡಿಕೊಂಡು, "ಹಿರೀಕರು ಉಣ್ದೆ ನಾವು ಎಲೆಗೆ ಕೈ ಹಾಕೋದುಂಟಾ? ಅವರಿಗೂ ಒಂದು ಎಲೆ ಹಾಕಿ. ಬರ್ಲಿ, ಕಾಯ್ತೀವಿ," ಎಂದರು.

ಹಾಕದೆ ವಿಧಿಯಿಲ್ಲ. ಪಂಕ್ತಿಯ ತಲೆಗೆ, ಎಲ್ಲಕ್ಕಿಂತ ದೊಡ್ಡ ಬಾಳೆಲೆ ಬಿತ್ತು. ಅನ್ನ ಆರುತ್ತಿತ್ತು. ಅಪ್ಪ ಕಂಬ ಎಣಿಸುತ್ತಿದ್ದ. ಬಾಗಿಲ ಸಂದಿಯಲ್ಲಿ ಅಕ್ಕನ ಕಣ್ಣು ತುಂಬಿತ್ತು. ಬಂದ ಸಂಬಂಧ ಹೆಂಚಿನ ಸಂದಿಯಿಂದ ಹಾರಿಹೋಗುವುದು ನಮಗೆಲ್ಲ ಕಾಣುತ್ತಿತ್ತು. ಮೇಲಿನ 'ಹಿರೀಕರು' ಮಾತ್ರ ಇನ್ನೂ ಜೋರಾಗಿ: ಸ್‌ಸ್‌ಸ್!

ಆಗ ಹಿಂಬಾಗಿಲಿಂದ ಅತ್ತೆ ಬಂದಳು. ಸೀರೆಗೆ ಹುಲ್ಲು ಅಂಟಿತ್ತು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ.

"ಅವರು ಬರಲ್ಲ ಅಣ್ಣಯ್ಯ. ಮ್ಯಾಲಿರೋದು ಗೂಬೆ ಮರಿ. ಇಲಿ ಬಿಟ್ಟು ಬೇರೇದು ಉಣ್ಣಲ್ಲ. ಸುಳ್ಳು ಹೇಳಿದ್ದು ನಮ್ಮವ್ವ, ಆದ್ರೆ ಓಡಿಸ್ದೆ ಇಟ್ಕೊಂಡೋಳು ನಾನು. ಹುಡುಗೀದೇನೂ ತಪ್ಪಿಲ್ಲ."

ಅಜ್ಜಿ ಗೋಡೆ ಹಿಡಿದುಕೊಂಡಳು. ಗಂಡಿನ ಅಪ್ಪನ ನೋಟ ಅತ್ತೆಯ ಬರಿಹಣೆಯ ಮೇಲೆ ಒಂದು ಗಳಿಗೆ ನಿಂತು, ಡಬ್ಬಿಗೆ ಇಳಿಯಿತು.

"ಅದೇನು?"

ಅತ್ತೆ ತೋರಿಸಿದಳು. ಊಟದ ಎಲೆಯ ಪಕ್ಕದಲ್ಲೇ, ಡಿಯರ್ ಮಿ, ಇಲಿಯ ತಲೆಬುರುಡೆಗಳು! ಮ್ಯಾನರ್ಸ್ ಕಲಿಸಿದ ಸಿಸ್ಟರ್ ಇದ್ದಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದರು. ಗಂಡಿನ ಅಪ್ಪ ಒಂದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ಉಂಡೇಲಿ ಎಷ್ಟು?"

"ಮೂರು. ಒಂದೊಂದ್ಸಲ ನಾಲ್ಕು."

"ನಮ್ಮ ಹೊಲದ ರಾಗಿ ತೆನೇಲೆಲ್ಲ ಅರ್ಧ ಇಲಿ ಪಾಲು ಕನವ್ವ. ನಮ್ಮೂರ ಗೂಬೆಗಳನ್ನ ನಾವೇ ಕಲ್ಲು ಹೊಡೆದು ಓಡಿಸಿದ್ದೊ." ಮೀಸೆ ನೀವಿಕೊಂಡು ಅಪ್ಪನ ಕಡೆ ತಿರುಗಿದರು. "ಬೀಗರೆ, ಹೆಣ್ಣಿನ ಜೊತೇಲಿ ಬೇರೇನೂ ಕೇಳಲ್ಲ. ಒಂದು ಜೋಡಿ ಮರಿ ಕಳಿಸಿಬುಡಿ!"

ಬೀಗರೆ! ಬಾಗಿಲ ಹಿಂದೆ ಅಕ್ಕನ ಬಳೆ ಸದ್ದಾಯಿತು. ಅಪ್ಪ ಆ ವರ್ಷದಲ್ಲಿ ಮೊದಲ ಸಲ ಉಸಿರು ಬಿಟ್ಟ.

"ಸರಿ, ಅನ್ನ ಆರೋಯ್ತದೆ," ಎಂದರು ಅವರು. "ಹಿರೀಕರ ಎಲೆ ಖಾಲಿ ಅದೆಯಲ್ಲ. ಕೂತ್ಕೊಳ್ಳಿ ತಾಯಿ."

"ನಾನಾ?" ಅತ್ತೆ ಬಾಗಿಲ ಕಡೆ ಸರಿದಳು. "ನಂದು ಕೊನೇ ಪಂಕ್ತಿ ಅಣ್ಣಯ್ಯ, ನೀವು ಉಣ್ಣಿ."

ಅವಳ ತೋಳನ್ನು ಹಿಡಿದು ನಿಲ್ಲಿಸಿದ್ದು ಬೀಗರಲ್ಲ, ಅಪ್ಪನಲ್ಲ. ಅಜ್ಜಿ. ಮಗಳ ಸೀರೆಗೆ ಅಂಟಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆದಳು. ಆ ದೊಡ್ಡ ಎಲೆಯ ಮುಂದೆ ಕೂರಿಸಿದಳು. ಆಮೇಲೆ, ಸೊಂಟ ನೋವೆಂದು ವರ್ಷಗಳಿಂದ ಸೌಟು ಮುಟ್ಟದಿದ್ದ ಅಜ್ಜಿ, ತಾನೇ ಬಗ್ಗಿ ಮಗಳಿಗೆ ಅನ್ನ ಬಡಿಸಿದಳು. ಹಾಕಿದ ತುಪ್ಪ ಅರ್ಧ ಎಲೆಗೆ ಬಿತ್ತು, ಅರ್ಧ ನೆಲಕ್ಕೆ.

ಅತ್ತೆ ತುಂಬ ಹೊತ್ತು ತುತ್ತು ಎತ್ತಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಬಗ್ಗಿ ನೋಡಿದೆ. ಗೋಡೆಯ ಬಿರುಕಿನಿಂದ ಹೊರಟ ಇರುವೆಗಳ ಸಾಲೊಂದು ಚೆಲ್ಲಿದ ತುಪ್ಪದ ಕಡೆಗೆ ಬರುತ್ತಿತ್ತು. ಅತ್ತೆ ತನ್ನ ಎಲೆಯಿಂದ ನಾಲ್ಕು ಅಗುಳು ತೆಗೆದು ಅವುಗಳ ದಾರಿಯಲ್ಲಿ ಇಟ್ಟಳು.

"ತುಳೀಬೇಡ ಅವ್ವ, ನೋಡ್ಕೊಂಡು ಬಡಿಸು," ಎಂದಳು, ಒದ್ದೆ ದನಿಯಲ್ಲಿ. "ನಮ್ಮೋರು ಬತ್ತಾವ್ರೆ."