ನೀರಲದಿನ್ನಿಗೆ ವರ್ಗ

ಆ ದಿನದ ಎಲ್ಲ ರಗಳೆಗೂ ಕಾರಣ ಪರಮಾನಂದನ ಎಡಗಣ್ಣಿನಿಂದ ಬಿದ್ದ ಒಂದು ಹನಿ ನೀರು. ಅದು ಬಿದ್ದದ್ದು ಉಡುಪಿಯ ಸೌಖ್ಯ ವಿದ್ಯಾ ಟ್ರಸ್ಟಿನ ಆಫೀಸಿನಲ್ಲಿ, ನೋಟೀಸ್ ಬೋರ್ಡಿನ ಎದುರು, ಎರಡು ಸಾವಿರದ ಮೂರನೇ ಇಸವಿಯ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ. ಪಕ್ಕದಲ್ಲಿ ಲೊರ್ನಾ ಮೇಡಂ ನಿಂತಿರದಿದ್ದರೆ ಆ ಹನಿ ಅಂಗಿಯ ಮೇಲೆ ಬಿದ್ದು ತನ್ನಷ್ಟಕ್ಕೆ ಒಣಗಿಹೋಗುತ್ತಿತ್ತು.

ಕಾರ್ಕಳದಲ್ಲೊಂದು ನರ್ಸಿಂಗ್ ಕಾಲೇಜು, ಕಾಪುವಿನಲ್ಲೊಂದು ಫಾರ್ಮಸಿ ಕಾಲೇಜು ನಡೆಸುತ್ತಿದ್ದ ಟ್ರಸ್ಟು ಈಗ ಮೆಡಿಕಲ್ ಕಾಲೇಜು ತೆರೆಯಲು ಹೊರಟಿತ್ತು. ಅದೂ ಈ ಸೀಮೆಯಲ್ಲಲ್ಲ. ದೂರದ ಬಡಗಣ ಸೀಮೆಯಲ್ಲಿ, ರಾಯಚೂರಿನಿಂದಲೂ ಆಚೆ, ನೀರಲದಿನ್ನಿ ಎಂಬ ಊರಿನಲ್ಲಿ. ಆ ಕಾಲೇಜಿಗೆ ಆರಿಸಿದ ಸಿಬ್ಬಂದಿಯ ಪಟ್ಟಿ ಬೋರ್ಡಿನ ಮೇಲಿತ್ತು. ಆಕ್ಷೇಪಣೆ ಇದ್ದವರು ಸಂಜೆ ನಾಲ್ಕರೊಳಗೆ ತಿಳಿಸಬೇಕು ಎಂದೂ ಇತ್ತು. ಮೂರನೇ ಸಾಲಿನಲ್ಲಿ ಡೆಸ್ಪ್ಯಾಚ್ ಗುಮಾಸ್ತ ಪರಮಾನಂದನ ಹೆಸರು.

ನೀರಲದಿನ್ನಿ ಪರಮಾನಂದನ ಹುಟ್ಟೂರು. ಆಫೀಸಿನವರಿಗೆ ಮಾತ್ರ ಅವನು ಬರೀ ರಾಯಚೂರು ಕಡೆಯವನು. ಅಲ್ಲಿಗೆ ಕಳುಹಿಸಿ ಎಂದು ಆಫೀಸಿನಲ್ಲಿ ಯಾರಿಗೂ ಹೇಳದೆ ಅರ್ಜಿ ಬರೆದುಕೊಟ್ಟವನೂ ಅವನೇ. ತನ್ನ ಹೆಸರು, ತನ್ನ ಊರಿನ ಹೆಸರು ಒಂದೇ ಸಾಲಿನಲ್ಲಿ ಟೈಪಾಗಿರುವುದನ್ನು ಕಂಡಾಗ ಅವನಿಗೆ ಆಫೀಸೇ ಮರೆತುಹೋಯಿತು. ಹಳದಿ ಬಿಸಿಲಿನಲ್ಲಿ ತೂಗುವ ಜೋಳದ ಹೊಲ, ಅದರ ನಡುವೆ ಹಾಲಿನಂತೆ ಬೆಳ್ಳಗಿನ ಮೂರಂತಸ್ತಿನ ಆಸ್ಪತ್ರೆ, ಅದರ ಮೊದಲ ಕಿಟಕಿಯ ಹಿಂದೆ ಕುಳಿತು, ಬಂದವರನ್ನೆಲ್ಲ ತನ್ನ ಮಾತಿನಲ್ಲೇ "ಏನಾಗ್ಯದ ಯಪ್ಪಾ?" ಎಂದು ಕೇಳುತ್ತಿರುವ ತಾನು. ಕಣ್ಣು ತುಂಬಿ ಬಂತು.

"ಅಯ್ಯೋ ದೇವರೇ!" ಎಂದರು ಲೊರ್ನಾ ಮೇಡಂ. "ಪರಮಾನಂದ, ನೀವು ಅಳ್ತಾ ಇದ್ದೀರಿ."

"ಇಲ್ರೀ ಮೇಡಂ, ಇದು..."

"ಸುಮ್ನಿರಿ. ನನಗೆ ಗೊತ್ತಾಗ್ತದೆ. ಎಂತ ಊರದು? ನೀರಿಲ್ಲದ... ಎಂತದೋ! ಹೆಸರಲ್ಲೇ ನೀರಿಲ್ಲ ಅಂತ ಉಂಟಲ್ಲ ಮಾರಾಯ್ರೆ! ಇದು ಪನಿಶ್‌ಮೆಂಟ್ ಟ್ರಾನ್ಸ್‌ಫರ್. ನಾವೆಲ್ಲ ಇರುವಾಗ ನೀವು ಹೆದರ್ಬೇಡಿ."

ಪರಮಾನಂದ ಬಾಯಿ ತೆರೆದ. ಆದರೆ ಹೇಳುವುದು ಹೇಗೆ? ಹನ್ನೆರಡು ವರ್ಷದ ಹಿಂದೆ ಒಂದು ಚೀಲ ಹಿಡಿದು ಬಂದವನಿಗೆ ಕೆಲಸ ಕಲಿಸಿದವರು ಇದೇ ಲೊರ್ನಾ ಮೇಡಂ. ಪ್ರತಿ ಕ್ರಿಸ್‌ಮಸ್ಸಿಗೆ ಮನೆಯಿಂದ ಕುಸ್ವಾರ ತಿಂಡಿಗಳ ಡಬ್ಬಿ ತಂದುಕೊಟ್ಟವರು. ಅವರೆದುರು "ನನಗೆ ಇಲ್ಲಿಂದ ಹೋಗಬೇಕು" ಅನ್ನುವುದು, ಪ್ರೀತಿಯಿಂದ ಬಡಿಸುತ್ತಿರುವಾಗ ಎಲೆ ಬಿಟ್ಟು ಎದ್ದಹಾಗೆ. ಅವನು ಬಾಯಿ ಮುಚ್ಚಿದ. ಕಣ್ಣೀರಿನ ನಂತರ ಅದು ಅವನ ಎರಡನೇ ತಪ್ಪು.

ಹತ್ತು ಗಂಟೆಗೆ ಸುದ್ದಿ ಸ್ಟೋರ್ ಕೀಪರ್ ಅಲೆಕ್ಸಾಂಡರಿಗೆ ಮುಟ್ಟಿತು. ಅಲೆಕ್ಸಾಂಡರ್ ನೌಕರರ ಸಂಘದ ಕಾರ್ಯದರ್ಶಿ. ಹೋರಾಟ ಮಾಡಲು ಏನೂ ಸಿಗದೆ ನಾಲ್ಕು ವರ್ಷದಿಂದ ಮುದುಡಿ ಕುಳಿತವರು. ಈಗ ಗಾಳಿ ತುಂಬಿದ ಬಲೂನಿನಂತೆ ಎದ್ದರು.

"ಪರಮಾನಂದ, ಒಂದು ಮಾತು ಹೇಳಿ. ನಿಮಗೆ ಅಲ್ಲಿಗೆ ಹೋಗ್ಲಿಕ್ಕೆ ಮನಸ್ಸುಂಟಾ?"

"ಉಂಟ್ರೀ ಸರ್! ನನಗ ಭಾಳ ಮನಸ್ಸದ," ಎಂದ ಪರಮಾನಂದ ಧೈರ್ಯ ಮಾಡಿ.

ಅಲೆಕ್ಸಾಂಡರ್ ಅವನ ಭುಜ ಹಿಡಿದು ಎಲ್ಲರ ಕಡೆ ತಿರುಗಿದರು. "ಕೇಳಿದ್ರಾ? ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಹೇಗೆ ವ್ಯಂಗ್ಯವಾಗಿ ಮಾತಾಡ್ತಾರೆ ನೋಡಿ. ಇಂಥ ಮನುಷ್ಯನನ್ನು ನಾವು ಬಿಟ್ಟುಕೊಡುವುದಾ?"

"ಬಿಡ್ಲಿಕ್ಕಿಲ್ಲ!" ಎಂದಿತು ಇಡೀ ಆಫೀಸು.

ಹನ್ನೊಂದಕ್ಕೆ ಮನವಿಪತ್ರ ಸಿದ್ಧವಾಯಿತು. 'ಶ್ರೀ ಪರಮಾನಂದರನ್ನು ಯಾವ ಕಾರಣಕ್ಕೂ ನೀರಲದಿನ್ನಿಗೆ ಕಳುಹಿಸಬಾರದು' ಎಂದು ಅದರಲ್ಲಿತ್ತು. ನಲವತ್ತೊಂದು ಮಂದಿ ರುಜು ಹಾಕಿದರು. ಕ್ಯಾಂಟೀನಿನ ಅಡುಗೆಯವರು ಹಾಕಿದರು. ಸ್ಟಾಂಪ್ ಪ್ಯಾಡ್ ಮಾರಲು ಬಂದ ಮಣಿಪಾಲದವನೊಬ್ಬ, ವಿಷಯ ಏನೆಂದು ಗೊತ್ತಿಲ್ಲದಿದ್ದರೂ, ಎಲ್ಲರೂ ಹಾಕುತ್ತಿದ್ದಾರಲ್ಲ ಎಂದು ತಾನೂ ಹಾಕಿದ.

"ಬರೀ ಮನವಿ ಸಾಲುವುದಿಲ್ಲ, ಮೆಡಿಕಲ್ ಸರ್ಟಿಫಿಕೇಟ್ ಬೇಕು," ಎಂದು ಲೊರ್ನಾ ಮೇಡಂ ಅವನನ್ನು ಕೆಳಗಿನ ಕ್ಲಿನಿಕ್ಕಿಗೆ ಕರೆದೊಯ್ದರು. ಡಾಕ್ಟರ್ ರೇಮಂಡ್ ಸ್ಟೆತಸ್ಕೋಪು ಅವನ ಎದೆಗಿಟ್ಟರು.

"ಅಲ್ಲಿ ಬಿಸಿಲು ಜೋರಲ್ವಾ? ಆ ಬಿಸಿಲಿಗೆ ಹೋದರೆ ನಿಮಗೆ ಎಂತ ಆಗ್ತದೆ?"

ಬಿಸಿಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪರಮಾನಂದ ಕ್ಲಿನಿಕ್ಕಿನಲ್ಲಿ ಇರಲಿಲ್ಲ. ಒಣಗಿದ ಗರಿಗರಿ ಗಾಳಿ ಮುಖಕ್ಕೆ ಬಡಿಯಿತು. ಮಾಳಿಗೆಯ ಮೇಲೆ ಹರವಿದ ಕೆಂಪು ಮೆಣಸಿನಕಾಯಿ ಕಂಡಿತು. ಎಲ್ಲೋ ರೊಟ್ಟಿ ಬಡಿಯುವ ಸದ್ದು.

"ಎದಿ ತುಂಬಿ ಬರ್ತದ್ರೀ," ಎಂದ.

"ಮತ್ತೆ?"

"ಗಂಟಲು ಕಟ್ಟತದ್ರೀ. ಮಾತಽ ಹೊರಡಂಗಿಲ್ಲ."

"ಇಲ್ಲಿಯ ಬಿಸಿಲಿಗೂ ಹಾಗೇ ಆಗ್ತದಾ?"

"ಇಲ್ರೀ. ಇಲ್ಲಿ ಬಿಸಿಲಿಗೆ ಬರೇ ಬೆವರು ಬರ್ತದ."

ಡಾಕ್ಟರು ಹುಬ್ಬು ಗಂಟಿಕ್ಕಿದರು. ಉತ್ತರದ ಬಿಸಿಲು ತಗುಲಿದರೆ ಎದೆಭಾರ, ಗಂಟಲು ಬಿಗಿತ, ಮಾತು ನಿಲ್ಲುವಿಕೆ ಎಂದು ಬರೆದು ಸೀಲು ಒತ್ತಿದರು.

ಇತ್ತ ಕಟಪಾಡಿಯಲ್ಲಿ, ಪರಮಾನಂದನ ಬಾಡಿಗೆ ಮನೆಯ ಯಜಮಾನಿ ಚಂಪಕ್ಕನಿಗೆ ಲೊರ್ನಾ ಮೇಡಂ ಫೋನು ಮಾಡಿಯಾಗಿತ್ತು. ಚಂಪಕ್ಕ ಓಡಿಬಂದು ನೋಡಿದರೆ, ವರ್ಗ ಆಗಿಯೇ ಆಗುತ್ತದೆಂದು ನಂಬಿದ್ದ ಪರಮಾನಂದನ ಹೆಂಡತಿ ಶಶಿಕಲಾ ಹಾಡು ಗುನುಗುತ್ತ ಟ್ರಂಕಿಗೆ ಸೀರೆ ತುಂಬುತ್ತಿದ್ದಳು.

"ಶಶಿಕಲಾ, ಟ್ರಂಕು ಮುಚ್ಚು. ನೀವು ಹೋಗುವುದು ಬೇಡ. ಆಫೀಸಿನವರೆಲ್ಲ ಸೇರಿ ನಿಲ್ಲಿಸ್ತಾ ಇದ್ದಾರೆ. ನಾನೂ ಪೆರ್ಡೂರು ದೇವರಿಗೆ ಸಾವಿರ ಬಾಳೆಹಣ್ಣಿನ ಹರಕೆ ಹೇಳಿಕೊಂಡಿದ್ದೇನೆ, ಆಯ್ತಾ?"

ಊರಿಗೆ ಮರಳುವುದು ಶಶಿಕಲಾ ಹನ್ನೆರಡು ವರ್ಷದಿಂದ ಕಂಡ ಕನಸು. "ನಿಲ್ಲಸ್ತಾರಾ?" ಎಂದವಳೇ ಗೊಳೋ ಎಂದು ಅತ್ತಳು.

"ನೋಡು, ಖುಷಿಗೆ ಹೇಗೆ ಅಳ್ತಾಳೆ ಹುಡುಗಿ," ಎಂದು ಚಂಪಕ್ಕ ತಮ್ಮ ಕಣ್ಣೂ ಒರೆಸಿಕೊಂಡು, ಅವಳನ್ನು ಆಟೋಕ್ಕೆ ಹತ್ತಿಸಿ ಉಡುಪಿಗೆ ಕರೆತಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೆರವಣಿಗೆ ಡಾಕ್ಟರ್ ಬರ್ತಾ ಅವರ ಕೋಣೆಯೊಳಗೆ ಹೊಕ್ಕಿತು. ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾಗಲಿದ್ದ ಡಾಕ್ಟರ್ ಬರ್ತಾ ಮೂವತ್ತೈದು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದವರು. ಯಾವ ಗದ್ದಲಕ್ಕೂ ಅಲುಗಾಡುವವರಲ್ಲ. ಅಲೆಕ್ಸಾಂಡರ್ ಮನವಿ ಓದಿದರು. ಲೊರ್ನಾ ಮೇಡಂ ಸರ್ಟಿಫಿಕೇಟ್ ಮುಂದಿಟ್ಟರು. ಚಂಪಕ್ಕ ಅಳುತ್ತಿದ್ದ ಶಶಿಕಲಾಳನ್ನೇ ಮುಂದೆ ದೂಡಿ ನಿಲ್ಲಿಸಿದರು.

ಡಾಕ್ಟರ್ ಬರ್ತಾ ಕನ್ನಡಕ ತೆಗೆದರು. "ಇಷ್ಟು ಕಷ್ಟ ಇದೆ ಅಂತ ನನಗೆ ಗೊತ್ತಿರಲಿಲ್ಲ," ಎಂದು ಪೆನ್ನು ತೆಗೆದು, ಪಟ್ಟಿಯ ಮೂರನೇ ಸಾಲಿನ ಮೇಲಿಟ್ಟರು.

ಆ ಪೆನ್ನಿನ ತುದಿ ಕಂಡಾಗ ಪರಮಾನಂದನ ಗಂಟಲು ಬಿಚ್ಚಿತು.

"ಬ್ಯಾಡ್ರೀ ಅಮ್ಮಾರೇ! ಹೊಡೀಬ್ಯಾಡ್ರೀ! ಅದು ನಮ್ಮೂರ್ರೀ! ಅರ್ಜಿ ಬರ್ದಾವ ನಾನಽ ರೀ!"

ಡಾಕ್ಟರ್ ಬರ್ತಾ ಪೆನ್ನು ಎತ್ತಿದರು.

"ನನ್ನ ತಂಗಿ ಲಕ್ಕವ್ವಗ ಬ್ಯಾನಿ ಬಂದಾಗ ಊರಾಗ ಡಾಕ್ಟರ್ ಇಲ್ರೀ. ರಾಯಚೂರಿಗೆ ಒಯ್ಯೂಣಂತ ಟೆಂಪೊದಾಗ ಹಾಕಿದ್ರು. ಉಳ್ಳಾಗಡ್ಡಿ ಚೀಲದ ನಡುವ ಕೂಸು ಹುಟ್ಟಿತು. ಅವಂಗ ಸಿದ್ದಣ್ಣ ಅಂತ ಹೆಸರಿಟ್ಟರೂ ಊರಮಂದಿ ಟೆಂಪೊ ಸಿದ್ದಣ್ಣ ಅಂತಽ ಕರೀತಾರ. ಎಲ್ಲರೂ ನಗ್ತಾರ್ರೀ, ನಾನೂ ನಗ್ತೀನಿ. ಆದ್ರ ತಂಗಿ ಮೂರು ತಿಂಗಳು ಹಾಸಿಗಿ ಬಿಟ್ಟು ಏಳಲಿಲ್ಲ. ಇನ್ನೊಂದು ಗಂಟಿ ತಡಾ ಆಗಿದ್ರ ಉಳೀತಿದ್ದಿಲ್ಲ. ನಾ ಡಾಕ್ಟರ್ ಅಲ್ರೀ. ಆದ್ರ ಆ ದವಾಖಾನಿ ಬಾಗಿಲು ತೆಗೆಯೂ ದಿನ ನಾ ಅಲ್ಲಿ ಇರಬೇಕ್ರೀ. ಚೀಟಿ ಬರೆದು ಕೊಟ್ಟರೂ ಸಾಕು."

ಮೊದಲು ಮೂಗು ಒರೆಸಿಕೊಂಡವರು ಲೊರ್ನಾ ಮೇಡಂ.

"ಮತ್ತೆ ಬೆಳಿಗ್ಗೆಯೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ನಿಮಗ ಬ್ಯಾಸರ ಆದೀತಂತ..."

"ಬೇಸರ ಆಗ್ತದೆ. ಖಂಡಿತ ಆಗ್ತದೆ. ಆದರೂ ನೀವು ಹೋಗ್ಲೇಬೇಕು!"

ಅಲೆಕ್ಸಾಂಡರ್ ಹೋರಾಟವನ್ನು ಅಲ್ಲೇ ತಿರುಗಿಸಿದರು. ಮನವಿಪತ್ರದಲ್ಲಿ 'ಕಳುಹಿಸಬಾರದು' ಎಂಬಲ್ಲಿ 'ಬಾರದು' ಹೊಡೆದು, ಮೇಲೆ 'ಲೇಬೇಕು' ಎಂದು ಬರೆದರು. ನಲವತ್ತೊಂದು ರುಜುಗಳೂ ಇದ್ದಲ್ಲೇ ಇದ್ದವು. ಡಾಕ್ಟರ್ ಬರ್ತಾ ಹೊಸ ಆದೇಶವನ್ನೇ ಬರೆದರು. ಪರಮಾನಂದ ಇನ್ನು ಮುಂದೆ ನೀರಲದಿನ್ನಿ ಮೆಡಿಕಲ್ ಕಾಲೇಜಿನ ಕಾಯಂ ನೌಕರ.

ಆಮೇಲೆ ನಡೆದದ್ದನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಅಲೆಕ್ಸಾಂಡರ್ ಆದಿ ಉಡುಪಿ ಮಾರ್ಕೆಟ್ಟಿಗೆ ಫೋನು ಮಾಡಿದರು. ರಾಯಚೂರಿಗೆ ಹೊರಟ ತೆಂಗಿನಕಾಯಿ ಲಾರಿಯೊಂದರಲ್ಲಿ ಅರ್ಧ ಜಾಗ ಖಾಲಿಯಿತ್ತು. ಐದೂವರೆಗೆ ಲಾರಿ ಕಟಪಾಡಿಯ ಮನೆಯ ಮುಂದೆ ನಿಂತಿತು. ಆಫೀಸಿನವರೇ ಸಾಲಾಗಿ ನಿಂತು ಟ್ರಂಕು, ಮಂಚ, ಹಾಸಿಗೆ, ಗ್ಯಾಸ್ ಒಲೆ, ಪಾತ್ರೆ ಎಲ್ಲವನ್ನೂ ಕೈಯಿಂದ ಕೈಗೆ ದಾಟಿಸಿದರು. ಕಾಫಿ ಕುಡಿದು ಮುಗಿಸಿದ ಪರಮಾನಂದನ ಕೈಯಿಂದ ಖಾಲಿ ಲೋಟವನ್ನೂ ಕಿತ್ತು ಲಾರಿಗೆ ಹಾಕಿದರು. ಚಂಪಕ್ಕ ಅಳುತ್ತಲೇ ಒಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ಇಟ್ಟರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಗಂಡ ಹೆಂಡತಿ ಖಾಲಿ ಮನೆಯ ಮೆಟ್ಟಿಲ ಮೇಲೆ ನಿಂತು, ತಮ್ಮ ಸಂಸಾರ ತಮಗಿಂತ ಮುಂಚೆ ಊರಿಗೆ ಹೋಗುವುದನ್ನು ಕಣ್ತುಂಬ ನೋಡಿದರು.

ಮರುದಿನ ಬೆಳಿಗ್ಗೆ ಪರಮಾನಂದ ಒಗೆದ ಅಂಗಿ ತೊಟ್ಟು ಡಾಕ್ಟರ್ ಬರ್ತಾ ಅವರಿಗೆ ಕೈಮುಗಿಯಲು ಹೋದ.

"ಇವತ್ತು ಸಂಜಿ ಬಸ್ಸಿಗೆ ಹೊರಡ್ತೀವ್ರೀ ಅಮ್ಮಾರೇ."

"ಎಲ್ಲಿಗೆ?"

"ನೀರಲದಿನ್ನಿಗ್ರೀ. ಕಾಲೇಜಿಗೆ."

ಡಾಕ್ಟರ್ ಬರ್ತಾ ಅವನನ್ನೇ ನೋಡಿದರು. "ಪರಮಾನಂದ, ಅಲ್ಲಿ ಕಾಲೇಜು ಎಲ್ಲಿ ಉಂಟು? ಜಾಗಕ್ಕೆ ಸುಣ್ಣದ ಗೆರೆ ಹಾಕಿದ್ದಾರೆ, ಅಷ್ಟೇ. ಕಟ್ಟಡ ಏಳಬೇಕು, ಪರವಾನಗಿ ಬರಬೇಕು, ಏನಿದ್ದರೂ ಮೂರು ವರ್ಷ. ಅಲ್ಲಿಯ ತನಕ ಕಾಲೇಜಿನ ಆಫೀಸು ಇಲ್ಲೇ. ಮೇಲಿನ ಮಹಡಿಯಲ್ಲಿ ಕೋಣೆ ಖಾಲಿ ಮಾಡಿಸಿದ್ದೇನೆ. ಯಾರೂ ನಿಮಗೆ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ.

ಹೀಗೆ ಪರಮಾನಂದ ಸೋಮವಾರ ನೀರಲದಿನ್ನಿ ಮೆಡಿಕಲ್ ಕಾಲೇಜಿಗೆ ಹೋಗಿ ಹಾಜರಾದ. ಹದಿನೆಂಟು ಮೆಟ್ಟಿಲು. ರಾತ್ರಿ ಚಂಪಕ್ಕನ ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಚಂಪಕ್ಕನ ಪಾತ್ರೆಯಲ್ಲಿ ಗಂಜಿ ಉಂಡು ಬಂದಿದ್ದ. ಮೇಜಿನ ಎದುರು ಒಂದು ಕಿಟಕಿ ಇತ್ತು. ಹೊರಗೆ ಕಪ್ಪು ಮೋಡ, ತೆಂಗಿನ ಗರಿ, ದೂರದಲ್ಲಿ ಎಲ್ಲೋ ಸಮುದ್ರ. ಅವನು ಅರೆಗಣ್ಣು ಮುಚ್ಚಿದ. ಮೋಡ ನಿಧಾನಕ್ಕೆ ಹಳದಿಯಾಯಿತು, ಗರಿಗಳು ಜೋಳದ ತೆನೆಗಳಾಗಿ ತೂಗತೊಡಗಿದವು.

ಯಾರೋ ಕಿಟಕಿಯ ಕೆಳಗೆ ಅಂಗಳದಲ್ಲಿ ಕೂಗಿದರು. ತಲೆಗೆ ರುಮಾಲು ಸುತ್ತಿದ, ಬಗಲಲ್ಲಿ ಬುತ್ತಿಯ ಗಂಟು ಹಿಡಿದ ಮುದುಕ.

"ಯಾರದೀರೀ ಮ್ಯಾಲೆ? ನಾ ಹನುಮಪ್ಪ, ನೀರಲದಿನ್ನ್ಯಾಂವ. ಮೊಣಕಾಲು ಭಾಳ ನೋಯ್ತಾವ. ನಮ್ಮೂರಿಗೆ ದೊಡ್ಡ ದವಾಖಾನಿ ಬಂದದಂತ ಮಂದಿ ಅಂದ್ರು. ಎಲ್ಲದಂತ ಕೇಳಿದ್ರ ಉಡುಪ್ಯಾಗದ ಅಂದ್ರು. ಇಡೀ ರಾತ್ರಿ ಬಸ್ಸಿನಾಗ ಕುಂತು ಬಂದೀನಿ. ನಮ್ಮೂರ ದವಾಖಾನಿ ಎಲ್ಲದ ಯಪ್ಪಾ?"

ಪರಮಾನಂದ ಕಿಟಕಿಯಿಂದ ಬಾಗಿ ಕೈ ಬೀಸಿದ.

"ಇಲ್ಲೇ ಅದ ಕಾಕಾ. ನೀವು ಮೆಟ್ಲ ಹತ್ತಬ್ಯಾಡ್ರೀ, ಅಲ್ಲೇ ಕುಂದರ್ರಿ. ನೀರಲದಿನ್ನಿನಽ ಕೆಳಗ ಇಳಿದು ಬರ್ತದ."