ಲಿಲ್ಲಿಯ ಬಿಲ್ಲೆ ಬೆಳಗಿದ್ದು

ಹೊಳಪು ಬರಿಸುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಜೆಪ್ಪುವಿನಲ್ಲಿ ಇಲ್ಲ. ನಮ್ಮ ಇಗರ್ಜಿಯ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಹುಣಸೆಹುಳಿ ಹಾಕಿ ತಿಕ್ಕುವವನು ನಾನೇ. ಮನೆಯಲ್ಲಿ ಹೆಂಡತಿಯ ಕನ್ನಡಕವನ್ನೂ ಬಿಡುತ್ತಿರಲಿಲ್ಲ. "ಮಾರಾಯ್ರೇ, ನನ್ನ ಸಾಮಾನಿಗೆ ಕೈ ಹಾಕ್ಬೇಡಿ," ಎನ್ನುತ್ತಿದ್ದಳು ಲಿಲ್ಲಿ.

ಅವಳು ಭೌತಶಾಸ್ತ್ರ ಕಲಿಸುತ್ತಿದ್ದಳು. ಕೆಲವು ಲೋಹಗಳು ತಮ್ಮಷ್ಟಕ್ಕೆ ದಿನೇ ದಿನೇ ಕ್ಷಯಿಸುತ್ತಾ ಓಜೇ ಎಲೆಕ್ಟ್ರಾನ್ ಎಂಬ ಕಣಗಳನ್ನು ಹೊರಗೆ ಎಸೆಯುತ್ತವಂತೆ. ಯಾವ ಶಕ್ತಿಯವು ಎಷ್ಟು ಬಂದವು ಎಂದು ಅಳೆದು ಗೆರೆ ಬರೆಯುವುದು ಅವಳ ಕೆಲಸ. ಆ ಗೆರೆಯಲ್ಲಿ ಅಂಟಿಕೊಂಡಂತಿರುವ ಎರಡು ಶಿಖರಗಳನ್ನು ಬಿಡಿಸಿ ನೋಡಬೇಕೆಂಬುದು ಅವಳ ಆಸೆ. ಅದಕ್ಕೆಂದೇ ತರಿಸಿದ ಲೋಹ ಊರು ಮುಟ್ಟುವ ಮೊದಲೇ ಅವಳು ಈ ಲೋಕ ಬಿಟ್ಟು ಹೊರಟುಹೋದಳು.

ಇಗರ್ಜಿಯಲ್ಲಿ ಅವಳ ಆತ್ಮಕ್ಕಾಗಿ ತಿಂಗಳ ಪೂಜೆ ಮುಗಿದ ಮೇಲೆ ಅವಳ ಶಿಷ್ಯೆ ಪ್ರತಿಮಾ ಫೋನ್ ಮಾಡಿದಳು.

"ಅಂಕಲ್, ಲೋಹ ಬಂತು. ಅದನ್ನು ಕೂರಿಸುವ ಸ್ಟೀಲ್ ಬಿಲ್ಲೆ ಮೇಡಂ ಬ್ಯಾಗಲ್ಲೇ ಉಂಟು, ಫಾಯಿಲ್ ಸುತ್ತಿದ್ದು. ಹಾಗೇ ತಂದು ಕೊಡ್ತೀರಾ?"

ಹಾಗೇ ಕೊಡುವುದೇ! ಲಿಲ್ಲಿಯ ಕೊನೆಯ ಕೆಲಸಕ್ಕೆ ಮಂಕು ಬಿಲ್ಲೆಯೇ! ಬಿಚ್ಚಿದೆ. ಹುಣಸೆಹುಳಿಯಲ್ಲಿ ತಿಕ್ಕಿದೆ. ತುಕ್ಕು ಹಿಡಿಯದಿರಲೆಂದು ತೆಂಗಿನೆಣ್ಣೆ ಸವರಿದೆ. ಮೊದಲಿನ ಮಡಿಕೆಗಳಲ್ಲೇ ಫಾಯಿಲ್ ಸುತ್ತಿ ಕೊಟ್ಟುಬಂದೆ. ಮೇಡಂ ಕೈಯ ಪೊಟ್ಟಣವೆಂದು ಪ್ರತಿಮಾ ಪುನಃ ತೊಳೆಯದೆ, ಲೋಹವನ್ನು ಅದರ ಮೇಲೆ ಕೂರಿಸಿ ಯಂತ್ರದೊಳಗೆ ಇಟ್ಟಳು.

ಪಂಪು ಓಡಿತು. ಒಳಗೆ ನಿರ್ವಾತ ಆಗಬೇಕಿತ್ತು. ಆಗಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ನನಗೆ ಫೋನ್.

"ಅಂಕಲ್, ನೀವು ಪೊಟ್ಟಣ ಬಿಚ್ಚಿದ್ರಾ?"

"ಬಿಚ್ಚಿ, ಬೆಳಗಿ, ಎಣ್ಣೆ ಕೂಡ ಹಚ್ಚಿದ್ದೇನೆ!"

"ಎಣ್ಣೆಯಾ? ದೇವರೇ! ಎಂತ ಎಣ್ಣೆ?"

"ಒಳ್ಳೇದೇ ಮಗಾ, ಮಿಲ್ಲಿನದ್ದು."

ಎಣ್ಣೆಯ ಆವಿ ಬಿಡದೆ ಏಳುತ್ತಿದ್ದರೆ ಯಂತ್ರದೊಳಗೆ ನಿರ್ವಾತ ಆಗುವುದಿಲ್ಲವಂತೆ. ಆ ಎಲೆಕ್ಟ್ರಾನುಗಳು ಎಷ್ಟು ಬಡವೆಂದರೆ, ಬೆರಳಿನ ಜಿಡ್ಡನ್ನೂ ದಾಟಲಾರವಂತೆ. ನಾನು ಅವುಗಳಿಗೆ ಅಭ್ಯಂಗನವನ್ನೇ ಮಾಡಿಸಿದ್ದೆ!

ಪ್ರಾಯಶ್ಚಿತ್ತಕ್ಕೆಂದು ಪಾತ್ರೆ ತೊಳೆಯುವ ಪುಡಿ ಹಿಡಿದು ಲ್ಯಾಬಿಗೆ ಓಡಿದೆ. ಬಾಗಿಲ ಬಳಿ ಇಟ್ಟಿದ್ದ ಯಂತ್ರದ ಮುಚ್ಚಳದ ಮೇಲೆ ಧೂಳು ಕಂಡಂತಾಗಿ ಕರ್ಚೀಫು ತೆಗೆದೆ.

"ಅಂಕಲ್! ಮುಟ್ಬೇಡಿ ಮಾರಾಯ್ರೇ!"

ಲ್ಯಾಬಿನವರು ನನ್ನನ್ನು ಹೊರಗೆ ಕುರ್ಚಿಯಲ್ಲಿ ಕೂರಿಸಿದರು.

ಅವರು ಎಲ್ಲವನ್ನೂ ತೊಳೆದು, ಬಿಸಿಮಾಡಿ, ಒಣಗಿಸುವಷ್ಟರಲ್ಲಿ ದಿನಗಳು ಉರುಳಿ, ಲೋಹದ ಕಸುವು ಬಹಳಷ್ಟು ಇಳಿದಿತ್ತು. "ಅದು ಕಾಯೋದಿಲ್ಲ ಅಂಕಲ್," ಎಂದಳು ಪ್ರತಿಮಾ, ನನ್ನ ಮುಖ ನೋಡದೆ. ಪರದೆಯ ಮೇಲೆ ಲಿಲ್ಲಿಯ ಎರಡು ಶಿಖರಗಳ ಜಾಗದಲ್ಲಿ ಕುಗ್ಗಿದ ಒಂದೇ ದಿಬ್ಬ ಬಂತು. "ಪುನಃ ಲೋಹ ತರಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ. "ಮೇಡಂ ಇದ್ದಿದ್ರೆ ಆಗ್ತಿತ್ತು," ಎಂದಳು.

ಮನೆಗೆ ಬಂದೆ. ಊಟದ ಮೇಜಿನ ಮೇಲೆ, ಬಿಲ್ಲೆಯ ಜೊತೆ ಬ್ಯಾಗಿನಿಂದ ಹೊರಬಂದಿದ್ದ ಲಿಲ್ಲಿಯ ಕನ್ನಡಕ. ಎಡಗಡೆಯ ಗಾಜಿನ ಮೇಲೆ ಅವಳ ಹೆಬ್ಬೆರಳಿನ ಗುರುತು, ಜಿಡ್ಡುಜಿಡ್ಡಾಗಿ, ಸ್ಪಷ್ಟವಾಗಿ. ಕೈ ತನ್ನಿಂದ ತಾನೇ ಕರ್ಚೀಫಿಗೆ ಹೋಯಿತು.

ಹಿಂದೆ ತೆಗೆದೆ.

ಇಷ್ಟನ್ನು ಕಲಿಯಲು ನನಗೊಂದು ಪ್ರಯೋಗಶಾಲೆಯನ್ನೇ ಹಾಳುಮಾಡಬೇಕಾಯಿತು!